ವಯಸ್ಸಾದ ಮೊಟ್ಟೆ ಕೋಳಿಗಳ ಆಹಾರ ಮತ್ತು ಮೊಟ್ಟೆಯ ಗುಣಮಟ್ಟ

ಮೊಟ್ಟೆ ಕೋಳಿಗಳು ಸುಮಾರು 18ರಿಂದ 20 ವಾರಗಳ ವಯಸ್ಸಿನಲ್ಲಿ ಮೊಟ್ಟೆ ಇಡಲು ಪ್ರಾರಂಭಿಸುತ್ತವೆ. ವಯಸ್ಸು ಹೆಚ್ಚಿದಂತೆ ಮೊಟ್ಟೆಯ ಗಾತ್ರ ಹೆಚ್ಚುತ್ತದೆ. ಚಿಪ್ಪಿನ ಪ್ರಮಾಣ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ಹೀಗಾಗಿ ಚಿಪ್ಪು ತೆಳುವಾಗಿ, ಒಡೆದ ಮೊಟ್ಟೆಗಳಿಂದ ಸಾಕಾಣಿಕೆದಾರರಿಗೆ ನಷ್ಟ ಉಂಟಾಗುತ್ತದೆ.

ಶಕ್ತಿಯ ಪ್ರಮಾಣ:
ಕೋಳಿಯು ಮುಖ್ಯವಾಗಿ ತನ್ನ ಶಕ್ತಿಯ ಅಗತ್ಯಕ್ಕೆ ತಕ್ಕಷ್ಟು ಆಹಾರ ಸೇವಿಸುತ್ತದೆ. ಇಳುವರಿ ಕುಸಿದಾಗ ಮೆಕ್ಕೆಜೋಳ ಅಥವಾ ಎಣ್ಣೆಯನ್ನು ಮಾತ್ರ ಹೆಚ್ಚಿಸಿದಲ್ಲಿ ಆಹಾರ ಸೇವನೆ ಕಡಿಮೆಯಾಗಿ, ಕ್ಯಾಲ್ಸಿಯಂ ಮತ್ತು ಸಸಾರಜನಕದ ಕೊರತೆ ಉಂಟಾಗಬಹುದು. ಹೆಚ್ಚುವರಿ ಶಕ್ತಿಯು ಯಕೃತ್ತಿನಲ್ಲಿ ಕೊಬ್ಬಾಗಿ ಶೇಖರವಾಗುತ್ತದೆ. ಶಕ್ತಿಯ ಕೊರತೆಯಾದಲ್ಲಿ ಕೋಳಿಯ ತೂಕ ಹಾಗೂ ಮೊಟ್ಟೆಗಳ ಸಂಖ್ಯೆ ಇಳಿಯುತ್ತದೆ.

ನಾರಿನಂಶ:
ಅಕ್ಕಿ ತೌಡು ಹಾಗೂ ಸೂರ್ಯಕಾಂತಿ ಹಿಂಡಿಯಲ್ಲಿ ನಾರಿನಂಶ ಅಧಿಕ. ಮಿತವಾದ ನಾರು ಜೀರ್ಣಕ್ರಿಯೆಗೆ ಸಹಕಾರಿ. ಕೋಳಿಗಳು ಪರಸ್ಪರ ಪುಕ್ಕ ಕುಕ್ಕುವುದನ್ನೂ ಕಡಿಮೆ ಮಾಡುತ್ತದೆ. ಅತಿಯಾದಲ್ಲಿ ಆಹಾರದ ಶಕ್ತಿ ಇಳಿದು ಮೊಟ್ಟೆಯ ತೂಕ ಕುಗ್ಗಬಹುದು. ಹಳದಿ ಮೆಕ್ಕೆಜೋಳದ ಬದಲು ತೌಡನ್ನು ಹೆಚ್ಚಾಗಿ ಬಳಸಿದಲ್ಲಿ ಭಂಡಾರದ ಬಣ್ಣವೂ ಮಾಸುತ್ತದೆ.

ಅನುಸರಿಸಬೇಕಾದ ಕ್ರಮಗಳು:
1. ಆಹಾರ ಮಿಶ್ರಣವನ್ನು ಒಮ್ಮೆಲೇ ಬದಲಾಯಿಸದೆ, 7ರಿಂದ 10 ದಿನಗಳಲ್ಲಿ ಹಂತ ಹಂತವಾಗಿ ಬದಲಾಯಿಸುವುದು.
2. ಚಿಪ್ಪು ಹೆಚ್ಚಾಗಿ ರಾತ್ರಿಯ ವೇಳೆ ರೂಪುಗೊಳ್ಳುವುದರಿಂದ, 2ರಿಂದ 4 ಮಿ.ಮೀ. ಗಾತ್ರದ ಸುಣ್ಣಕಲ್ಲು ಅಥವಾ ಕಪ್ಪೆಚಿಪ್ಪಿನ ಚೂರುಗಳನ್ನು ಸಂಜೆ ಒದಗಿಸುವುದು.
3. ಕೆಲವು ಕೋಳಿಗಳನ್ನು ನಿಯಮಿತವಾಗಿ ತೂಗಿ, ಒಡೆದ ಮೊಟ್ಟೆಗಳ ಲೆಕ್ಕವನ್ನು ಪ್ರತಿದಿನ ದಾಖಲಿಸುವುದು.
4. ಶುದ್ಧವಾದ ತಂಪು ನೀರು ಸದಾ ದೊರೆಯುವಂತೆ ನೋಡಿಕೊಳ್ಳುವುದು.

ಒಡೆದ ಮೊಟ್ಟೆಗಳ ಸಂಖ್ಯೆ ಹಠಾತ್ತನೆ ಹೆಚ್ಚಿದಲ್ಲಿ, ರೋಗವೂ ಕಾರಣವಿರಬಹುದಾದ್ದರಿಂದ ಸಮೀಪದ ಪಶುವೈದ್ಯಾಧಿಕಾರಿಗಳನ್ನು ಸಂಪರ್ಕಿಸತಕ್ಕದ್ದು.