ಸರ್ ಆಶುತೋಷರ ಜೋಳಿಗೆ

ವಿಶ್ವವಿದ್ಯಾನಿಲಯಗಳ ಬಗ್ಗೆ ಮಾತೆತ್ತಿದರೆ ಮೊದಲು ಕೇಳಿಬರುವ ದೂರು ಹಣದ್ದು. ಕಟ್ಟಡವಿದ್ದರೆ ಪ್ರಯೋಗಾಲಯವಿಲ್ಲ, ಪ್ರಯೋಗಾಲಯವಿದ್ದರೆ ಉಪಕರಣವಿಲ್ಲ, ಉಪಕರಣವಿದ್ದರೆ ಅದನ್ನು ಬಳಸುವ ಅಧ್ಯಾಪಕರ ಹುದ್ದೆ ಖಾಲಿ. ಈ ದೂರಿಗೆ ನೂರು ವರ್ಷಗಳಿಗೂ ಮಿಕ್ಕಿದ ವಯಸ್ಸಾಗಿದೆ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ನಮ್ಮ ಮೊದಲ ಮೂರು ಆಧುನಿಕ ವಿಶ್ವವಿದ್ಯಾನಿಲಯಗಳು ಹುಟ್ಟಿದಾಗ ಅವಕ್ಕೆ ಪ್ರಯೋಗಾಲಯ ಹಾಗಿರಲಿ, ಪಾಠದ ಕೋಣೆಯೂ ಇರಲಿಲ್ಲ. ಲಂಡನ್ ವಿಶ್ವವಿದ್ಯಾನಿಲಯದ ಅಂದಿನ ಮಾದರಿಯಲ್ಲಿ ಪರೀಕ್ಷೆ ನಡೆಸಿ ಪದವಿ ಕೊಡುವುದಷ್ಟೇ ಅವುಗಳ ಕೆಲಸ. ಪಾಠ ಹೇಳುವ ಹೊಣೆ ಕಾಲೇಜುಗಳದು. ಕಲ್ಕತ್ತದ ಸೆನೆಟ್ ಭವನ ತಲೆ ಎತ್ತಿದ್ದೇ 1872ರಲ್ಲಿ.

ಹೀಗಾಗಿ ಮೊದಲಿಗೆ ಬಂದ ದಾನಗಳೂ ಆ ಕಾಲದ ಬೇಡಿಕೆಗೆ ತಕ್ಕಂತೆಯೇ ಇದ್ದವು. ಹತ್ತಿ ವ್ಯಾಪಾರದಲ್ಲಿ ಅಪಾರವಾಗಿ ಗಳಿಸಿದ ಬೊಂಬಾಯಿಯ ಪ್ರೇಮಚಂದ್ ರಾಯಚಂದ್ ತನ್ನೂರಿನ ವಿಶ್ವವಿದ್ಯಾನಿಲಯಕ್ಕೆ ಗ್ರಂಥಾಲಯ ಮತ್ತು ಗಡಿಯಾರದ ಗೋಪುರಕ್ಕಾಗಿ ಹಣ ಕೊಟ್ಟರು. ಆ ಗೋಪುರಕ್ಕೆ ತಾಯಿಯ ಹೆಸರು, ರಾಜಾಬಾಯಿ. ಕಲ್ಕತ್ತಕ್ಕೂ ಅವರು 1866ರಲ್ಲಿ ಎರಡು ಲಕ್ಷ ರೂಪಾಯಿ ಕೊಟ್ಟರು. ಅದರ ಬಡ್ಡಿಯಿಂದ ಹುಟ್ಟಿದ ವಿದ್ಯಾರ್ಥಿವೇತನವನ್ನು ಪಡೆಯುವುದು ಬಂಗಾಳದಲ್ಲಿ ತಲೆಮಾರುಗಳ ಕಾಲ ಬುದ್ಧಿವಂತಿಕೆಗೆ ಸಿಕ್ಕ ಮುದ್ರೆ ಎನಿಸಿತ್ತು.

ಹಾಗೆ ಅದನ್ನು ಪಡೆದವರಲ್ಲಿ ಆಶುತೋಷ್ ಮುಖರ್ಜಿ ಒಬ್ಬರು. ಅವರು ಗಣಿತದಲ್ಲಿ ಸ್ವಂತ ಸಂಶೋಧನೆ ಮಾಡಿದ್ದವರು. ಆದರೆ ಆಗಿನ ವಿಶ್ವವಿದ್ಯಾನಿಲಯದಲ್ಲಿ ಗಣಿತಜ್ಞನಿಗೆ ಕುಳಿತು ಕೆಲಸ ಮಾಡಲು ಒಂದು ಕುರ್ಚಿಯೂ ಇರಲಿಲ್ಲ. ಅವರು ವಕೀಲರಾದರು, 1904ರಲ್ಲಿ ಹೈಕೋರ್ಟ್ ನ್ಯಾಯಾಧೀಶರಾದರು. 1906ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರ್ ಆದಾಗ, ತಮಗೆ ಸಿಗದೆ ಹೋದ ಆ ಕುರ್ಚಿಯನ್ನು ಇತರರಿಗೆ ಹಾಕಿಸುವ ಹಟ ಹಿಡಿದರು ಎಂದರೆ ತಪ್ಪಾಗದು. ಕುಲಪತಿಯ ಹುದ್ದೆಗೆ ಆಗ ಸಂಬಳವಿರಲಿಲ್ಲ. ಹಗಲು ನ್ಯಾಯಾಲಯ, ಉಳಿದ ಹೊತ್ತು ವಿಶ್ವವಿದ್ಯಾನಿಲಯ.

ಅವರ ಕೈಗೆ ಸಿಕ್ಕ ಆಯುಧ ಲಾರ್ಡ್ ಕರ್ಜನ್ ತಂದ 1904ರ ವಿಶ್ವವಿದ್ಯಾನಿಲಯ ಕಾಯಿದೆ. ವಿದ್ಯಾಸಂಸ್ಥೆಗಳ ಮೇಲೆ ಸರ್ಕಾರದ ಹಿಡಿತ ಬಿಗಿಮಾಡಲು ಬಂದ ಕಾಯಿದೆ ಎಂದು ದೇಶಾಭಿಮಾನಿಗಳು ಅದನ್ನು ವಿರೋಧಿಸಿದ್ದರು. ಅದು ನಿಜವೂ ಆಗಿತ್ತು. ಆದರೆ ವಿಶ್ವವಿದ್ಯಾನಿಲಯಗಳು ತಾವೇ ಪ್ರಾಧ್ಯಾಪಕರನ್ನು ನೇಮಿಸಿಕೊಳ್ಳಬಹುದು, ಪ್ರಯೋಗಾಲಯ ಕಟ್ಟಬಹುದು ಎಂಬ ಅವಕಾಶವೂ ಅದರಲ್ಲಿತ್ತು. ಕಾನೂನು ಬಲ್ಲ ಆಶುತೋಷರು ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಕಾಯಿದೆ ಅನುಮತಿ ಕೊಟ್ಟಿತ್ತೇ ಹೊರತು ಹಣ ಕೊಟ್ಟಿರಲಿಲ್ಲ. ಸರ್ಕಾರ ಒಂದೆರಡು ಪೀಠಗಳಿಗೆ ವಾರ್ಷಿಕ ನೆರವು ನೀಡಿತು. ದರ್ಭಾಂಗದ ಮಹಾರಾಜ ರಾಮೇಶ್ವರ ಸಿಂಗ್ ಎರಡೂವರೆ ಲಕ್ಷ ಕೊಟ್ಟಿದ್ದರಿಂದ ಗ್ರಂಥಾಲಯಕ್ಕೆ ಒಂದು ಕಟ್ಟಡವಾಯಿತು. ವಿಜ್ಞಾನದ ಸ್ನಾತಕೋತ್ತರ ಬೋಧನೆಗೆ ಮಾತ್ರ ಇನ್ನೂ ನೆಲೆಯಿರಲಿಲ್ಲ.

ನಂತರ ಬಂದ ಹಣದ ಕಥೆ ಸ್ವಾರಸ್ಯವಾದದ್ದು. 1905ರ ಬಂಗಾಳ ವಿಭಜನೆಯ ಬಿಸಿಯಲ್ಲಿ ಸ್ವದೇಶಿ ಚಳವಳಿಗಾರರು ಕಲ್ಕತ್ತ ವಿಶ್ವವಿದ್ಯಾನಿಲಯವನ್ನು ‘ಗುಲಾಮರ ಕಾರ್ಖಾನೆ’ ಎಂಬರ್ಥದ ಮಾತಿನಿಂದ ಹೀಗಳೆದು, 1906ರಲ್ಲಿ ರಾಷ್ಟ್ರೀಯ ಶಿಕ್ಷಣ ಪರಿಷತ್ತನ್ನು ಕಟ್ಟಿಕೊಂಡರು. ಅದರ ಅಧ್ಯಕ್ಷರಾಗಿದ್ದವರು ಹೆಸರಾಂತ ವಕೀಲ ರಾಸ್‌ಬಿಹಾರಿ ಘೋಷ್. ಸೂರತ್ ಕಾಂಗ್ರೆಸ್ಸಿನ ಅಧ್ಯಕ್ಷರೂ ಅವರೇ. ಪರಿಷತ್ತು ಬೇಡ, ತಾಂತ್ರಿಕ ಶಿಕ್ಷಣವೇ ಸಾಕು ಎಂದು ಬೇರೆ ಸಂಸ್ಥೆಯ ಬೆನ್ನಿಗೆ ನಿಂತವರು ಬ್ಯಾರಿಸ್ಟರ್ ತಾರಕನಾಥ ಪಾಲಿತ್. ಇಬ್ಬರೂ ಒಂದಲ್ಲ ಒಂದು ರೀತಿಯಲ್ಲಿ ಸರ್ಕಾರಿ ವಿಶ್ವವಿದ್ಯಾನಿಲಯದ ಹೊರಗೆ ದಾರಿ ಹುಡುಕಿದವರು. ಆಶುತೋಷರು ಜೋಳಿಗೆ ಹಿಡಿದು ಹೋದದ್ದು ಇವರಿಬ್ಬರ ಮನೆ ಬಾಗಿಲಿಗೇ.

1912ರಲ್ಲಿ ಪಾಲಿತರು ಎರಡು ಕಂತುಗಳಲ್ಲಿ ನಗದು, ಜಮೀನು, ಮನೆ ಎಲ್ಲ ಸೇರಿ ಸುಮಾರು ಹದಿನೈದು ಲಕ್ಷ ರೂಪಾಯಿಯ ಆಸ್ತಿಯನ್ನು ವಿಶ್ವವಿದ್ಯಾನಿಲಯಕ್ಕೆ ಬರೆದುಕೊಟ್ಟರು. ಮರುವರ್ಷ ಘೋಷರು ಹತ್ತು ಲಕ್ಷ ಕೊಟ್ಟರು. 1919ರಲ್ಲಿ ತಾಂತ್ರಿಕ ವಿಷಯಗಳಿಗಾಗಿ ಮತ್ತೆ ಹನ್ನೊಂದು ಲಕ್ಷಕ್ಕೂ ಹೆಚ್ಚು. ಇಬ್ಬರೂ ಹಾಕಿದ ಮುಖ್ಯ ಷರತ್ತು ಒಂದೇ: ತಮ್ಮ ಹೆಸರಿನ ಪೀಠಗಳಲ್ಲಿ ಭಾರತೀಯರೇ ಕುಳಿತಿರಬೇಕು. ಸರ್ಕಾರಿ ಶಿಕ್ಷಣ ಸೇವೆಯಲ್ಲಿ ಮೇಲಿನ ಹುದ್ದೆಗಳು ಯುರೋಪಿಯನ್ನರ ಪಾಲಾಗುತ್ತಿದ್ದ ದಿನಗಳವು. ಜಗದೀಶಚಂದ್ರ ಬೋಸರಂಥವರೇ ಸಂಬಳದ ತಾರತಮ್ಯ ಪ್ರತಿಭಟಿಸಿ ಸಂಬಳ ಮುಟ್ಟದೆ ಪಾಠ ಹೇಳಿದ್ದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಈ ಷರತ್ತಿನ ಚುರುಕು ಯಾರಿಗೆ ತಗುಲಬೇಕೋ ಅವರಿಗೆ ತಗುಲಿತು. ವಿಜ್ಞಾನ ಕಾಲೇಜಿಗೆ ನೆರವು ಕೋರಿ ಹೋದ ಮನವಿಗಳಿಗೆ ಸರ್ಕಾರ ಕಿವಿಗೊಡಲಿಲ್ಲ.

1914ರ ಮಾರ್ಚ್ 27ರಂದು ಅಪ್ಪರ್ ಸರ್ಕ್ಯುಲರ್ ರಸ್ತೆಯಲ್ಲಿ ಪಾಲಿತರು ಕೊಟ್ಟ ನಿವೇಶನದಲ್ಲಿ ಕಾಲೇಜಿನ ಶಂಕುಸ್ಥಾಪನೆಯಾಯಿತು. ಕಲ್ಲಿಟ್ಟವರು ಆಶುತೋಷರೇ. ಕುಲಪತಿಯಾಗಿ ಅವರ ಅವಧಿಗೆ ಆಗ ಕೆಲವೇ ದಿನ ಬಾಕಿಯಿತ್ತು. ಅಧಿಕಾರ ಹೋದರೂ ಸೆನೆಟ್ಟಿನಲ್ಲಿ ಅವರ ಮಾತೇ ನಡೆಯುತ್ತಿದ್ದುದರಿಂದ ಕೆಲಸ ನಿಲ್ಲಲಿಲ್ಲ.

ಆದರೆ ಕಟ್ಟಡವೇ ಪ್ರಯೋಗಾಲಯವಲ್ಲ. ದಾನಿಗಳ ಹಣ ಮೂಲನಿಧಿ. ಬಡ್ಡಿಯಿಂದ ಪ್ರಾಧ್ಯಾಪಕರ ಸಂಬಳ, ಸಂಶೋಧಕರ ವೇತನ ನಡೆಯಬೇಕು. ಉಪಕರಣ ಕೊಳ್ಳಲು ಮಿಗುವುದು ಅಷ್ಟಕ್ಕಷ್ಟೆ. ಮೇಲಾಗಿ ಅದೇ ವರ್ಷ ಮಹಾಯುದ್ಧ ಶುರುವಾಗಿ ಯುರೋಪಿನಿಂದ ಸಾಮಾನು ತರಿಸುವ ದಾರಿ ಮುಚ್ಚಿತು. ಭೌತಶಾಸ್ತ್ರದ ಘೋಷ್ ಪ್ರಾಧ್ಯಾಪಕರಾಗಿ ಆಯ್ಕೆಯಾಗಿ ಹೆಚ್ಚಿನ ತರಬೇತಿಗೆ ಜರ್ಮನಿಗೆ ಹೋಗಿದ್ದ ದೇವೇಂದ್ರಮೋಹನ ಬೋಸರು ಯುದ್ಧ ಮುಗಿಯುವ ತನಕ ಅಲ್ಲೇ ಸಿಕ್ಕಿಬಿದ್ದರು. ಇತ್ತ ಮೇಘನಾದ ಸಾಹ, ಸತ್ಯೇಂದ್ರನಾಥ ಬೋಸ್ ಎಂಬ ಇಬ್ಬರು ಇಪ್ಪತ್ತರ ಹರೆಯದ ಯುವಕರು ಉಪನ್ಯಾಸಕರಾಗಿ ಸೇರಿ, ತಾವೇ ಹೊಸದಾಗಿ ಓದಿ ತಿಳಿದುಕೊಳ್ಳುತ್ತಿದ್ದ ವಿಷಯಗಳನ್ನು ಪಾಠ ಹೇಳಿದರು. ಜರ್ಮನ್ ಕಲಿತು ಐನ್‌ಸ್ಟೈನರ ಸಾಪೇಕ್ಷತೆಯ ಪ್ರಬಂಧಗಳನ್ನು ಇಂಗ್ಲಿಷಿಗೆ ತಂದರು. ವಿಶ್ವವಿದ್ಯಾನಿಲಯವೇ ಅದನ್ನು ಪ್ರಕಟಿಸಿತು. ಪ್ರಯೋಗ ಮಾಡಲು ಸಾಧನವಿಲ್ಲದಿದ್ದಾಗ ಕಾಗದ, ಪೆನ್ಸಿಲ್ ಸಾಕಾಗುವ ಸಿದ್ಧಾಂತದ ಕಡೆಗೆ ಪ್ರತಿಭೆ ಹರಿದದ್ದು ಆಶ್ಚರ್ಯವಲ್ಲ.

ಭೌತಶಾಸ್ತ್ರದ ಪಾಲಿತ್ ಪೀಠಕ್ಕೆ ಆಶುತೋಷರು ಆರಿಸಿದ್ದು ಹಣಕಾಸು ಇಲಾಖೆಯ ಅಧಿಕಾರಿಯೊಬ್ಬರನ್ನು. ಕಚೇರಿ ವೇಳೆ ಕಳೆದ ಮೇಲೆ ಬೌಬಜಾರಿನ ಇಂಡಿಯನ್ ಅಸೋಸಿಯೇಷನ್ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಚಂದ್ರಶೇಖರ ವೆಂಕಟರಾಮನ್ ಅವರು. ಪೀಠಕ್ಕೆ ಬರುವವರು ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಯಮವಿತ್ತು. ರಾಮನ್ ಹೋಗಲೊಲ್ಲೆ ಎಂದರು. ಕೊನೆಗೆ ನಿಯಮವೇ ಬಾಗಬೇಕಾಯಿತು. ಸರ್ಕಾರಿ ಸಂಬಳದ ಅರ್ಧದಷ್ಟಕ್ಕೆ ಒಪ್ಪಿ 1917ರಲ್ಲಿ ಅವರು ಸೇರಿದರು. ಸೇರಿದ ಮೇಲೂ ತಮ್ಮ ಪ್ರಯೋಗಗಳನ್ನು ಹೆಚ್ಚಾಗಿ ಬೌಬಜಾರಿನಲ್ಲೇ ಮಾಡಿದರು. ಆ ಸಂಸ್ಥೆಯೂ 1876ರಲ್ಲಿ ವೈದ್ಯ ಮಹೇಂದ್ರಲಾಲ್ ಸರ್ಕಾರ್ ಅವರು ವಂತಿಗೆ ಎತ್ತಿ ಕಟ್ಟಿದ್ದೇ. 1928ರ ರಾಮನ್ ಪರಿಣಾಮದ ಹಿಂದೆ ಹೀಗೆ ಎರಡು ಜೋಳಿಗೆಗಳ ಹಣವಿದೆ. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್, ಮುಂದೆ ತಮ್ಮದೇ ಸಂಸ್ಥೆ ಕಟ್ಟುವಾಗ ತಾವೂ ಚಂದಾ ಎತ್ತಿದರು.

ಮೈಸೂರಿಗೂ ಆಶುತೋಷರಿಗೂ ನಂಟಿದೆ. ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಘಟಿಕೋತ್ಸವ ಭಾಷಣ ಮಾಡಿದವರು, 1918ರಲ್ಲಿ, ಅವರೇ. ಬಂದವರು ಬರಿಗೈಲಿ ಹೋಗುವ ಪೈಕಿಯಲ್ಲ. 1921ರಲ್ಲಿ ಮಹಾರಾಜಾ ಕಾಲೇಜಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಸರ್ವೇಪಲ್ಲಿ ರಾಧಾಕೃಷ್ಣನ್ ಅವರನ್ನು ಕಲ್ಕತ್ತದ ಐದನೇ ಜಾರ್ಜ್ ಪೀಠಕ್ಕೆ ಸೆಳೆದುಕೊಂಡರು. ಹೊರಟ ಗುರುವಿನ ಸಾರೋಟನ್ನು ವಿದ್ಯಾರ್ಥಿಗಳೇ ರೈಲ್ವೆ ಸ್ಟೇಷನ್‌ವರೆಗೆ ಎಳೆದ ಕಥೆ ಮೈಸೂರಿನವರಿಗೆ ಹೊಸದೇನಲ್ಲ.

ಇಷ್ಟೆಲ್ಲ ವಿಭಾಗ, ಇಷ್ಟೆಲ್ಲ ಅಧ್ಯಾಪಕರು. ಖರ್ಚು ತೂಗಿಸಿದ್ದು ಯಾವುದರಿಂದ? ದೊಡ್ಡ ಪಾಲು ಪರೀಕ್ಷಾ ಶುಲ್ಕದಿಂದ. ಮೆಟ್ರಿಕ್ಯುಲೇಷನ್‌ಗೆ ಕೂರುವ ಹುಡುಗರ ಸಂಖ್ಯೆ ಏರಿದಂತೆ ಬೊಕ್ಕಸ ತುಂಬುತ್ತಿತ್ತು. ಶುಲ್ಕದಾಸೆಗೆ ಪರೀಕ್ಷೆ ಸಡಿಲಿಸಿದ್ದಾರೆ, ಬಡ ಹುಡುಗರ ಹಣದಲ್ಲಿ ಮೇಲಿನ ಮಹಡಿ ಕಟ್ಟುತ್ತಿದ್ದಾರೆ ಎಂದು ಟೀಕಿಸಿದವರಿದ್ದರು. ಇತಿಹಾಸಕಾರ ಜದುನಾಥ ಸರ್ಕಾರ್ ಅಂಥ ಟೀಕಾಕಾರರಲ್ಲಿ ಪ್ರಮುಖರು. ಆ ಟೀಕೆಯನ್ನು ಪೂರಾ ತಳ್ಳಿಹಾಕುವಂತಿಲ್ಲ. ಶುಲ್ಕದ ಆದಾಯ ಏರಿಳಿಯುವಂಥದ್ದು, ಸಂಬಳ ಹಾಗಲ್ಲ. ಅಸಹಕಾರ ಚಳವಳಿಯ ಕಾಲಕ್ಕೆ ಲೆಕ್ಕ ತಪ್ಪಿತು. ಅಧ್ಯಾಪಕರಿಗೆ ತಿಂಗಳುಗಟ್ಟಲೆ ಸಂಬಳ ಕೊಡಲಾಗದ ಸ್ಥಿತಿ ಬಂತು.

ಆ ಹೊತ್ತಿಗೆ ಆಶುತೋಷರು ಎರಡನೆಯ ಸಲ ಕುಲಪತಿಯಾಗಿದ್ದರು. ಬಂಗಾಳ ಸರ್ಕಾರ ಎರಡೂವರೆ ಲಕ್ಷ ಕೊಡಲು ಮುಂದೆ ಬಂತು. ಆದರೆ ಜಮಾಖರ್ಚನ್ನು ಕಾಲಕಾಲಕ್ಕೆ ಒಪ್ಪಿಸಬೇಕು, ಹೊಸ ವೆಚ್ಚದ ವಿಸ್ತರಣೆ ಕೂಡದು ಎಂಬ ಕಟ್ಟುಗಳೊಡನೆ. ಸಾರ್ವಜನಿಕ ಹಣ ಕೊಡುವವರು ಲೆಕ್ಕ ಕೇಳುವುದರಲ್ಲಿ ತಪ್ಪೇನು ಎಂದು ಇಂದಿನ ಓದುಗರಿಗೆ ಅನಿಸಬಹುದು. ಆಗಲೂ ಹಲವರಿಗೆ ಹಾಗೆಯೇ ಅನಿಸಿತು. ಶಿಕ್ಷಣ ಖಾತೆ ಆಗ ಭಾರತೀಯ ಸಚಿವರ ಕೈಯಲ್ಲೇ ಇತ್ತು. ಆದರೆ 1922ರ ಡಿಸೆಂಬರಿನ ಸೆನೆಟ್ ಸಭೆಯಲ್ಲಿ ಆಶುತೋಷರು, ಹಣದ ನೆಪದಲ್ಲಿ ಬರುವ ದಾಸ್ಯ ಬೇಡ, ಸ್ವಾತಂತ್ರ್ಯವೇ ಮೊದಲು, ಎರಡನೆಯದೂ ಅದೇ, ಯಾವಾಗಲೂ ಅದೇ ಎಂಬರ್ಥದಲ್ಲಿ ಗುಡುಗಿದರು. ಬೇಕಾದರೆ ಮನೆಮನೆಗೆ ಭಿಕ್ಷೆಗೆ ಹೋಗೋಣ, ಅಧ್ಯಾಪಕರು ಉಪವಾಸವಿದ್ದಾರು ಎಂದರು. ಉಪವಾಸದ ಮಾತು ಆಡುವುದು ಹೈಕೋರ್ಟ್ ನ್ಯಾಯಾಧೀಶರಿಗೆ ಸುಲಭ, ಸಂಬಳ ಕಾಣದ ಉಪನ್ಯಾಸಕನ ಸಂಸಾರಕ್ಕೆ ಅಷ್ಟು ಸುಲಭವಲ್ಲ. 1923ರಲ್ಲಿ ಗವರ್ನರ್ ಲಾರ್ಡ್ ಲಿಟ್ಟನ್, ಸರ್ಕಾರದ ಜೊತೆ ಹೊಂದಿಕೊಂಡು ನಡೆದರೆ ಮತ್ತೆ ಕುಲಪತಿ ಹುದ್ದೆ ಎಂದು ಸೂಚಿಸಿ ಬರೆದಾಗ ಆಶುತೋಷರು ಖಾರವಾಗಿ ನಿರಾಕರಿಸಿದರು. ಮರುವರ್ಷದ ಮೇ 25ರಂದು ಪಾಟ್ನಾದಲ್ಲಿ ತೀರಿಕೊಂಡರು.

ಪ್ರಯೋಗಾಲಯಕ್ಕೆ ಹಣ ಸಾಲದ ಬೇಸರದಲ್ಲಿ ಸಾಹ 1923ರಲ್ಲೇ ಅಲಹಾಬಾದಿಗೆ ಹೊರಟುಹೋಗಿದ್ದರು. ರಸಾಯನಶಾಸ್ತ್ರದ ಮೊದಲ ಪಾಲಿತ್ ಪ್ರಾಧ್ಯಾಪಕ ಪ್ರಫುಲ್ಲಚಂದ್ರ ರಾಯರು ಮಾತ್ರ ಕದಲಲಿಲ್ಲ. 1921ರಲ್ಲಿ ಅರುವತ್ತು ತುಂಬಿದಾಗ, ಇನ್ನು ಮುಂದಿನ ತಮ್ಮ ಸಂಬಳವನ್ನೆಲ್ಲ ವಿಶ್ವವಿದ್ಯಾನಿಲಯಕ್ಕೇ ಬಿಟ್ಟುಕೊಟ್ಟರು. 1936ರಲ್ಲಿ ನಿವೃತ್ತರಾಗುವ ತನಕ, ಹದಿನೈದು ವರ್ಷ, ಆ ಹಣ ರಸಾಯನಶಾಸ್ತ್ರ ವಿಭಾಗಕ್ಕೆ ಸಂದಿತು. ಮದುವೆಯಾಗದ ರಾಯರಿಗೆ ವಿಜ್ಞಾನ ಕಾಲೇಜಿನ ಮಹಡಿಯ ಒಂದು ಕೋಣೆಯೇ ಮನೆ. 1944ರ ಜೂನ್ 16ರಂದು ಅವರು ಕೊನೆಯುಸಿರೆಳೆದದ್ದೂ ಆ ಕೋಣೆಯಲ್ಲೇ. ಕಾಲೇಜಿನ ಮುಂದಿನ ಅಪ್ಪರ್ ಸರ್ಕ್ಯುಲರ್ ರಸ್ತೆಗೆ ಈಗ ಅವರ ಹೆಸರು.