ಝೆಕ್ ಕಲಾಗಾಜು: ಗುರುತಿಸುವ ಬಗೆ

ಎರಡನೆಯ ಮಹಾಯುದ್ಧದ ನಂತರದ ಎರಡು ಮೂರು ದಶಕಗಳಲ್ಲಿ ಅಂದಿನ ಝೆಕೊಸ್ಲೊವಾಕಿಯಾದಲ್ಲಿ ತಯಾರಾದ ಹೂದಾನಿ, ಬಟ್ಟಲುಗಳು ಇಂದು ಅನೇಕ ದೇಶಗಳ ಸಂಗ್ರಾಹಕರ ಮನೆಗಳಲ್ಲಿವೆ. ಆದರೆ ಅವುಗಳಲ್ಲಿ ಬಹುಪಾಲಿನ ಮೇಲೆ ತಯಾರಕರ ಮುದ್ರೆಯೇ ಇಲ್ಲ. ಅಂಟಿಸಿದ್ದ ಕಾಗದದ ಚೀಟಿ ತೊಳೆದಾಗ ಕಳಚುತ್ತದೆ. ಅದರೊಡನೆ ಊರು, ಹೆಸರು ಎರಡೂ ಹೋಗುತ್ತವೆ. ಹೀಗೆ ಅನಾಥವಾದ ಎಷ್ಟೋ ಕೃತಿಗಳು ಇಟಲಿಯ ಮುರಾನೊ ಗಾಜೆಂದು ಮಾರಾಟವಾಗಿವೆ. ಕೊಳ್ಳುವವನಿಗೆ ಹಣ ನಷ್ಟ, ಮಾಡಿದವನಿಗೆ ಹೆಸರು ನಷ್ಟ.

ಬೊಹೆಮಿಯಾದ ಗಾಜಿಗೂ ನಮಗೂ ನಂಟು ಹಳೆಯದು. ಯಾಬ್ಲೊನೆಟ್ಸ್ ಪಟ್ಟಣದ ಬಳೆ, ಮಣಿಗಳು ಬ್ರಿಟಿಷರ ಕಾಲದಲ್ಲಿ ಭಾರತಕ್ಕೆ ಬರುತ್ತಿದ್ದವು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಬೊಹೆಮಿಯಾದ ಗಾಜನ್ನು ನೋಡಿದವರೂ ನಮ್ಮಲ್ಲಿ ಇರಬಹುದು. ನಾವಿಲ್ಲಿ ಹೇಳಹೊರಟಿರುವುದು ಅದಕ್ಕಿಂತ ಈಚಿನದು.

ಯುದ್ಧ ಮುಗಿದ ಮೇಲೆ ಜರ್ಮನ್ ಭಾಷಿಕ ಕುಶಲಕರ್ಮಿಗಳನೇಕರು ದೇಶದಿಂದ ಹೊರಹಾಕಲ್ಪಟ್ಟರು. ಕಾರ್ಖಾನೆಗಳು ಸರ್ಕಾರದ ವಶವಾದವು. 1948ರಲ್ಲಿ ಕಮ್ಯುನಿಸ್ಟ್ ಆಡಳಿತ ಬಂದಿತು. ಚಿತ್ರಕಲೆಯಲ್ಲಿ ಅಮೂರ್ತ ಶೈಲಿಗೆ ಅಧಿಕಾರಿಗಳ ಕೆಂಗಣ್ಣು. ಗಾಜನ್ನು ಮಾತ್ರ ಬರಿಯ ಅಲಂಕಾರದ ಸಾಮಗ್ರಿಯೆಂದು ಎಣಿಸಿದ್ದರಿಂದ ಕಲಾವಿದರಿಗೆ ಅಲ್ಲಿ ಉಸಿರಾಡಲು ಎಡೆ ದೊರೆಯಿತು. ಸ್ಟಾನಿಸ್ಲಾವ್ ಲಿಬೆನ್ಸ್ಕಿ, ಯಾರೊಸ್ಲಾವಾ ಬ್ರಿಖ್ಟೊವಾ, ರೆನೆ ರೌಬಿಚೆಕ್ ಮೊದಲಾದವರು 1958ರ ಬ್ರಸೆಲ್ಸ್ ವಿಶ್ವಪ್ರದರ್ಶನದಲ್ಲಿ ಮನ್ನಣೆ ಪಡೆದುದು ಹೀಗೆ. ಅಧಿಕಾರಿಗಳ ಅಸಡ್ಡೆಯೂ ಒಮ್ಮೊಮ್ಮೆ ಕಲೆಗೆ ಉಪಕಾರಿ!

ಇನ್ನು ಪರೀಕ್ಷೆಯ ವಿಷಯ. ಬ್ಯಾಂಕಿನಲ್ಲಿ ನಾವು ನೋಟನ್ನು ಬೆಳಕಿಗೆ ಹಿಡಿದು ನೋಡುವಂತೆ ಗಾಜನ್ನೂ ತಿರುಗಿಸಿ ನೋಡಬೇಕು. ಮೊದಲು ಮೈಮೇಲೆ ಅಚ್ಚಿನ ಕೂಡುಗೆರೆ ಇದೆಯೇ ಎಂದು ಬೆರಳಾಡಿಸಬೇಕು. ಇದ್ದರೆ ಅದು ಅಚ್ಚಿನಲ್ಲಿ ಒತ್ತಿದ ಗಾಜಾಗಿರುವ ಸಂಭವ ಹೆಚ್ಚು. ರೊಸಿತ್ಸೆ, ಲಿಬೊಹೊವಿತ್ಸೆ, ರುಡೊಲ್ಫೊವಾ ಕಾರ್ಖಾನೆಗಳು ಇಂಥದನ್ನು ತಯಾರಿಸಿದವು. ಇವು 1965ರಲ್ಲಿ ರೂಪುಗೊಂಡ ಸ್ಕ್ಲೊ ಯೂನಿಯನ್ ಸಂಸ್ಥೆಗೆ ಸೇರಿದವು. ಅಡಾಲ್ಫ್ ಮಾತುರಾ, ಫ್ರಾಂಟಿಶೆಕ್ ವೀಜ್ನರ್, ರುಡೊಲ್ಫ್ ಯುರ್ನಿಕ್ಲ್ ಅವರ ವಿನ್ಯಾಸಗಳು ಇಂದು ಬಹು ಬೇಡಿಕೆಯವು. ಒಂದೇ ಅಚ್ಚು ವರ್ಷಗಟ್ಟಲೆ ದುಡಿದಿದೆ. ಆದ್ದರಿಂದ ವಿನ್ಯಾಸದ ವರ್ಷವೇ ತಯಾರಿಕೆಯ ವರ್ಷವೆಂದು ಹೇಳುವ ವ್ಯಾಪಾರಿಯನ್ನು ನಂಬಲಾಗದು.

ಕುಲುಮೆಯ ಬಳಿಯೇ ಕೈಯಿಂದ ರೂಪಿಸಿದ ಗಾಜು ಬೇರೆ ಬಗೆಯದು, ಗೊಂದಲವೆಲ್ಲ ಇಲ್ಲಿಯೇ. ಎಮಾನುಯೆಲ್ ಬೆರಾನೆಕ್ ಸ್ಥಾಪಿಸಿದ ಶ್ಕರ್ದ್ಲೊವಿತ್ಸೆಯ ಕೃತಿಗಳು ಭಾರವಾದವು. ದಪ್ಪ ಗೋಡೆಯೊಳಗೆ ಗಾಳಿಗುಳ್ಳೆಗಳನ್ನು ಬೇಕೆಂದೇ ಸೆರೆಹಿಡಿದಿರುತ್ತಾರೆ. ಯೋಸೆಫ್ ಹೊಸ್ಪೊಡ್ಕಾ ಹ್ರಿಬ್ಸ್ಕಾ ಕಾರ್ಖಾನೆಗಾಗಿ ರಚಿಸಿದ ಬಟ್ಟಲುಗಳ ಅಂಚು ತೋಳುಗಳಂತೆ ಹೊರಚಾಚಿದೆ, ಬಣ್ಣದ ಮೇಲೆ ತಿಳಿಗಾಜಿನ ಪದರವಿದೆ. ಮುರಾನೊ ಎಂದು ತಪ್ಪಾಗಿ ಹೆಸರಿಸುವುದು ಹೆಚ್ಚಾಗಿ ಇವನ್ನೇ. ಬಣ್ಣವೊಂದನ್ನೇ ನೋಡಿ ತೀರ್ಮಾನಿಸಬಾರದು. ಆಕಾರವನ್ನೂ ತಳವನ್ನೂ ಹಳೆಯ ಕ್ಯಾಟಲಾಗಿನ ಚಿತ್ರದೊಡನೆ ಹೋಲಿಸಿ ನೋಡುವುದೇ ಭದ್ರವಾದ ದಾರಿ.

ಹಗಲಿನಲ್ಲಿ ನಸುನೇರಳೆಯಾಗಿದ್ದು ಟ್ಯೂಬ್‌ಲೈಟಿನಡಿ ತಿಳಿನೀಲಿಯಾಗುವ ಗಾಜಿನಲ್ಲಿ ನಿಯೋಡಿಮಿಯಮ್ ಧಾತು ಇರುತ್ತದೆ. ಕಾರ್ಲೊವಿ ವಾರಿಯ ಮೋಸರ್ ಕಾರ್ಖಾನೆ ಇದಕ್ಕೆ ಹೆಸರಾಗಿದೆ. ಇತರರೂ ಇದನ್ನು ಬಳಸಿದ್ದಾರೆ.

ಕಾಗದದ ಚೀಟಿ ಉಳಿದಿದ್ದರೆ ಆ ಜಾಗಕ್ಕೆ ನೀರು ತಾಗಿಸದೆ ಒಣಬಟ್ಟೆಯಿಂದ ಒರೆಸಬೇಕು. ಚೀಟಿಯಲ್ಲಿ ಝೆಕೊಸ್ಲೊವಾಕಿಯಾ ಎಂದಿದ್ದರೆ ಅದು 1993ರ ಜನವರಿ 1ರಂದು ದೇಶ ಇಬ್ಭಾಗವಾಗುವುದಕ್ಕೆ ಮುಂಚಿನ ಚೀಟಿ. ಆದರೆ ಒಂದರ ಚೀಟಿಯನ್ನು ಮತ್ತೊಂದಕ್ಕೆ ಅಂಟಿಸುವುದು ಕಷ್ಟದ ಕೆಲಸವೇನಲ್ಲ.