ಪರರ ಮಕ್ಕಳಿಗೆ ಮನೆ: ನ್ಯೂಯಾರ್ಕಿನ ಬಾಲಸಹಾಯಕ ಸಂಘದ ಚರಿತ್ರೆ

ತಾಯ್ತಂದೆಗಳಿಲ್ಲದ ಮಗುವಿಗೆ ಅನ್ನವನ್ನಿಕ್ಕುವುದು ಒಂದು ಕಾರ್ಯ. ಅದಕ್ಕೆ ಮನೆಯೊಂದನ್ನು ದೊರಕಿಸಿಕೊಡುವುದು ಬೇರೊಂದು ಕಾರ್ಯ. ಮೊದಲನೆಯದನ್ನು ಕನ್ನಡ ನಾಡಿನ ಮಠಗಳು ದಾಸೋಹದಿಂದಲೂ ಉಚಿತ ಪ್ರಸಾದನಿಲಯಗಳಿಂದಲೂ ನಡೆಸಿಕೊಂಡು ಬಂದಿರುವುದನ್ನು ಭಕ್ತರೆಲ್ಲರೂ ಬಲ್ಲರು. ಎರಡನೆಯದೋ ಎಂದರೆ, ಮಗುವನ್ನು ನೂರು ಮಕ್ಕಳ ನಡುವೆ ಇರಿಸದೆ ಒಬ್ಬ ಗೃಹಸ್ಥನ ಒಲೆಯ ಬಳಿಯಲ್ಲಿ, ಅವನ ಮಕ್ಕಳ ಪಂಕ್ತಿಯಲ್ಲಿಯೇ ಕುಳ್ಳಿರಿಸುವುದು. ಹೊರಗೆ ನಿಂತು ನೋಡುವವರಿಗೆ ಇದು ಸುಲಭವೆಂದು ತೋರುವುದು. ಅದೆಷ್ಟು ಕಠಿನವಾದುದೆಂಬುದನ್ನು ಅಮೇರಿಕೆಯ ನ್ಯೂಯಾರ್ಕ್ ನಗರದಲ್ಲಿ 1853ರಲ್ಲಿ ಹುಟ್ಟಿದ, ಲಾಭಾಪೇಕ್ಷೆಯಿಲ್ಲದ ಸಂಘವೊಂದರ ಚರಿತ್ರೆಯಿಂದ ತಿಳಿಯಬಹುದು. ಮನೆಗಳನ್ನು ಹುಡುಕುವುದರಲ್ಲಿ ಆ ಸಂಘವನ್ನು ಮೀರಿಸಿದವರಿಲ್ಲ. ಆದರೆ ಹುಡುಕಿದ ಮನೆಯನ್ನು ಮೊದಲೇ ಪರೀಕ್ಷಿಸುವುದನ್ನೂ, ಮಗುವನ್ನು ಬಿಟ್ಟ ಮೇಲೆ ಆ ಮನೆಯ ಕೈಹಿಡಿದು ನಡೆಸುವುದನ್ನೂ ಕಲಿಯುವುದಕ್ಕೆ ಅದಕ್ಕೂ ಅದರ ಜೊತೆಯ ಸಂಸ್ಥೆಗಳಿಗೂ ಅರ್ಧ ಶತಮಾನ ಹಿಡಿಯಿತು. ಆ ಪಾಠದ ಬೆಲೆಯನ್ನು ತೆತ್ತವರು ಮಕ್ಕಳು.

1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆ ಕೆಟ್ಟು ಘೋರವಾದ ಕ್ಷಾಮವುಂಟಾಯಿತು. ಹಸಿದವರು ಹಡಗುಗಳನ್ನೇರಿ ಅಟ್ಲಾಂಟಿಕ್ ಸಾಗರವನ್ನು ದಾಟಿದರು. ಜರ್ಮನಿಯಿಂದಲೂ ಜನರು ಬಂದರು. 1850ರ ಹೊತ್ತಿಗೆ ನ್ಯೂಯಾರ್ಕಿನ ಜನಸಂಖ್ಯೆಯು 5 ಲಕ್ಷವನ್ನು ಮೀರಿತ್ತು. ಹಡಗಿನಲ್ಲಿಯೇ ತಂದೆಯನ್ನು ಕಳೆದುಕೊಂಡವರು, ಕಾಲರಾದಿಂದ ತಾಯಿಯನ್ನು ಕಳೆದುಕೊಂಡವರು, ಕುಡುಕನಾದ ತಂದೆಯ ಹೊಡೆತಕ್ಕೆ ಹೆದರಿ ಮನೆಬಿಟ್ಟವರು, ಹೀಗೆ ನಾನಾ ಬಗೆಯ ಮಕ್ಕಳು ಬೀದಿಯಲ್ಲಿ ವೃತ್ತಪತ್ರಿಕೆ ಮಾರುತ್ತಲೂ, ಚಿಂದಿ ಆಯುತ್ತಲೂ, ಕಳವು ಮಾಡುತ್ತಲೂ ಕಾಲ ಕಳೆಯುತ್ತಿದ್ದರು. ಬೀದಿಪಾಲಾದ ಇಂತಹ ಮಕ್ಕಳು ಸುಮಾರು 3,000 ಮಂದಿ ಇರುವರೆಂದು ನಗರದ ಪೋಲೀಸು ಮುಖ್ಯಾಧಿಕಾರಿಯಾಗಿದ್ದ ಜಾರ್ಜ್ ಮ್ಯಾಟ್ಸೆಲ್ 1849ರಲ್ಲಿ ವರದಿ ಮಾಡಿದನು. ಸರ್ಕಾರದ ಬಳಿ ಇದ್ದ ಉಪಾಯಗಳು ಎರಡೇ: ದರಿದ್ರಶಾಲೆ ಅಥವಾ ಸೆರೆಮನೆಯಂತಹ ತಿದ್ದುಶಾಲೆ. ಅಲ್ಲಿಂದ ಹೊರಬೀಳುವ ಮಗುವನ್ನು ಕರಾರುಪತ್ರ ಬರೆಸಿ, ಪ್ರಾಯಕ್ಕೆ ಬರುವವರೆಗೆ ಒಬ್ಬ ಕಸಬುದಾರನಿಗೋ ರೈತನಿಗೋ ಒಪ್ಪಿಸಿಬಿಡುತ್ತಿದ್ದರು. ಹೆಸರು ಏನೇ ಇರಲಿ, ಅದು ಜೀತವೇ ಸರಿ.

ಚಾರ್ಲ್ಸ್ ಲೋರಿಂಗ್ ಬ್ರೇಸ್ 1826ರಲ್ಲಿ ಕನೆಕ್ಟಿಕಟ್ ಪ್ರಾಂತದ ಲಿಚ್‌ಫೀಲ್ಡಿನಲ್ಲಿ ಜನಿಸಿದನು. ಯೇಲ್ ವಿದ್ಯಾಪೀಠದಲ್ಲಿ ಓದಿ, ಪಾದ್ರಿಯಾಗುವ ಉದ್ದೇಶದಿಂದ ಧರ್ಮಶಾಸ್ತ್ರವನ್ನು ಅಭ್ಯಾಸ ಮಾಡಿದವನು. ಯೂರೋಪಿನಲ್ಲಿ ಪ್ರವಾಸ ಮಾಡುತ್ತಿದ್ದಾಗ 1851ರಲ್ಲಿ ಹಂಗೇರಿಯಲ್ಲಿ ರಾಜಕೀಯ ಸಂಶಯಕ್ಕೆ ಗುರಿಯಾಗಿ ಕೆಲವು ವಾರ ಸೆರೆಯಲ್ಲಿಯೂ ಇದ್ದನು. ಬಂದೀಖಾನೆಯ ಗೋಡೆಗಳು ಮನುಷ್ಯನನ್ನು ತಿದ್ದಲಾರವೆಂಬ ಅವನ ನಂಬಿಕೆಗೆ ಈ ಅನುಭವವೂ ಬಲಕೊಟ್ಟಿರಬಹುದು. 1853ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅವನು ಕೆಲವರು ಸದ್ಗೃಹಸ್ಥರೊಡನೆ ಕೂಡಿ ಚಿಲ್ಡ್ರನ್ಸ್ ಏಡ್ ಸೊಸೈಟಿ, ಎಂದರೆ ಬಾಲಸಹಾಯಕ ಸಂಘ, ಎಂಬುದನ್ನು ಸ್ಥಾಪಿಸಿದನು. ಮರುವರ್ಷ ಪತ್ರಿಕೆ ಮಾರುವ ಹುಡುಗರಿಗಾಗಿ ಒಂದು ವಸತಿಗೃಹವು ಪ್ರಾರಂಭವಾಯಿತು. ಕಸಬಿನ ಶಾಲೆಗಳೂ ಬಂದವು. ಆದರೂ ಬ್ರೇಸನ ಮನಸ್ಸು ಕಟ್ಟಡಗಳ ಮೇಲೆ ಇರಲಿಲ್ಲ. ಅನಾಥಾಲಯವು ಎಷ್ಟೇ ಅಚ್ಚುಕಟ್ಟಾಗಿದ್ದರೂ ಮಗುವನ್ನು ಯಂತ್ರದ ಒಂದು ಭಾಗವಾಗಿ ಮಾಡುವುದೆಂದೂ, ಪಶ್ಚಿಮದ ಬಯಲುಸೀಮೆಯ ರೈತರ ಮನೆಗಳೇ ಅತ್ಯುತ್ತಮವಾದ ಆಶ್ರಮಗಳೆಂದೂ ಅವನು ದೃಢವಾಗಿ ನಂಬಿದ್ದನು. ಆ ಸೀಮೆಯಲ್ಲಿ ಭೂಮಿ ವಿಶಾಲ, ಕೈಗಳು ಕಡಿಮೆ. ಇತ್ತ ನಗರದಲ್ಲಿ ಬಾಯಿಗಳು ಹೆಚ್ಚು, ರೊಟ್ಟಿ ಕಡಿಮೆ. ಇವೆರಡನ್ನು ಕೂಡಿಸುವುದಕ್ಕೆ ರೈಲುದಾರಿ ಸಿದ್ಧವಾಗಿತ್ತು.

1854ರ ಸೆಪ್ಟೆಂಬರ್ ತಿಂಗಳಿನಲ್ಲಿ ಸ್ಮಿತ್ ಎಂಬ ಕಾರ್ಯಭಾರಿಯು ಮಕ್ಕಳ ಗುಂಪೊಂದನ್ನು ಕರೆದುಕೊಂಡು ನ್ಯೂಯಾರ್ಕಿನಿಂದ ಹೊರಟನು. ಮೊದಲು ಆಗಬೋಟು, ಆಮೇಲೆ ರೈಲು. ದಾರಿಯಲ್ಲಿ ಆಲ್ಬನಿ ಎಂಬ ಊರಿನ ನಿಲ್ದಾಣದಲ್ಲಿ ಕಂಡ ಬೀದಿಯ ಹುಡುಗನೊಬ್ಬನನ್ನು, ಅವನ ಮಾತನ್ನೇ ನಂಬಿ, ಗುಂಪಿಗೆ ಸೇರಿಸಿಕೊಂಡನು. ಇದರಿಂದ ಆ ಕಾಲದ ವಿಚಾರಣೆಯ ರೀತಿ ಎಂತಹುದೆಂಬುದು ತಿಳಿಯುತ್ತದೆ. ಅಕ್ಟೋಬರ್ 1ರಂದು, ಭಾನುವಾರ, ಇನ್ನೂ ಕತ್ತಲಿರುವಾಗಲೇ ಅವರು ಮಿಶಿಗನ್ ಪ್ರಾಂತದ ಡೊವಾಜಿಯಾಕ್ ಎಂಬ ಸಣ್ಣ ಊರನ್ನು ಸೇರಿದರು. ಬೆಳಗಾಗುವವರೆಗೆ ಮಕ್ಕಳು ನಿಲ್ದಾಣದ ನೆಲದ ಮೇಲೆಯೇ ಮಲಗಿದರು. ಪ್ರಾರ್ಥನೆಗೆ ನೆರೆದಿದ್ದ ಜನರ ಮುಂದೆ ಸ್ಮಿತ್ ನಿಂತು, ಈ ಮಕ್ಕಳಿಗೆ ಮನೆ ಬೇಕೆಂದು ಕೇಳಿಕೊಂಡನು. ಮಗುವನ್ನು ಬೇಡುವವರು ತಮ್ಮ ಪಾದ್ರಿಯಿಂದಲೂ ಊರಿನ ನ್ಯಾಯಾಧಿಕಾರಿಯಿಂದಲೂ ಶಿಫಾರಸು ತರಬೇಕೆಂಬ ನಿಯಮವಿತ್ತು. ವಾರ ಮುಗಿಯುವಷ್ಟರಲ್ಲಿ 37 ಮಕ್ಕಳಿಗೆ ಮನೆಗಳು ದೊರೆತವು. ಉಳಿದ 9 ಮಂದಿ ಎಳೆಯರನ್ನು ಶಿಕಾಗೋ ನಗರದವರೆಗೆ ಕರೆದೊಯ್ದು, ಅಲ್ಲಿಂದ ಅಯೋವಾ ಪ್ರಾಂತದ ಅನಾಥಾಲಯವೊಂದಕ್ಕೆ ಕಳುಹಿಸಲಾಯಿತು. ಆರು ದಿನಗಳಲ್ಲಿ ಅಷ್ಟೊಂದು ಮನೆಗಳ ಗುಣಾವಗುಣಗಳನ್ನು ಒಬ್ಬ ಪರಸ್ಥಳದವನು ತಿಳಿಯುವುದು ಸಾಧ್ಯವೇ ಎಂಬ ಪ್ರಶ್ನೆಯನ್ನು ಅಂದು ಯಾರೂ ಎತ್ತಲಿಲ್ಲ. ಕಾರ್ಯವು ಕೈಗೂಡಿತೆಂಬ ಸಂತೋಷವೇ ಎಲ್ಲರಿಗೂ.

ಕಾಲಕ್ರಮದಲ್ಲಿ ಈ ಕಾರ್ಯಕ್ಕೆ ಒಂದು ಕ್ರಮ ಏರ್ಪಟ್ಟಿತು. ಸಂಘದ ಕಾರ್ಯಭಾರಿಯು ಮುಂಚಿತವಾಗಿಯೇ ಊರಿಗೆ ಹೋಗಿ, ಅಲ್ಲಿಯ ವೈದ್ಯ, ವರ್ತಕ, ಪಾದ್ರಿ, ಪತ್ರಿಕಾಕರ್ತ ಮುಂತಾದ ಪ್ರಮುಖರ ಸಮಿತಿಯೊಂದನ್ನು ಕೂಡಿಸುವನು. ಮಕ್ಕಳಿಗೆ ಮನೆ ಬೇಕೆಂಬ ಕರಪತ್ರಗಳು ಹಂಚಲ್ಪಡುವುವು. ಗೊತ್ತಾದ ದಿನ ಮಕ್ಕಳಿಗೆ ಮುಖ ತೊಳೆಸಿ, ಹೊಸ ಬಟ್ಟೆ ತೊಡಿಸಿ, ಊರಿನ ಚರ್ಚಿನಲ್ಲೋ ನಾಟಕಶಾಲೆಯಲ್ಲೋ ಸಾಲಾಗಿ ನಿಲ್ಲಿಸುವರು. ಯಾರಿಗೆ ಮಗುವನ್ನು ಕೊಡಬಹುದು, ಯಾರಿಗೆ ಕೊಡಬಾರದು ಎಂಬುದನ್ನು ಸಮಿತಿಯವರು ಹೇಳಬೇಕು. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ಆದರೆ ವರ್ತಕನಾದವನು ತನ್ನ ಗಿರಾಕಿಗೂ, ಪಾದ್ರಿಯಾದವನು ತನ್ನ ಸಭೆಯವನಿಗೂ ಎಲ್ಲರೆದುರಿನಲ್ಲಿ ‘ನೀನು ಯೋಗ್ಯನಲ್ಲ’ ಎನ್ನುವುದೆಂತು? ದಾಕ್ಷಿಣ್ಯವೆಂಬುದು ಎಲ್ಲ ದೇಶಗಳಲ್ಲಿಯೂ ಒಂದೇ. ರೈತರು ಹುಡುಗರ ತೋಳುಗಳನ್ನು ಮುಟ್ಟಿ ನೋಡಿ ಆರಿಸಿದುದನ್ನು ಬಹುಮಂದಿ ತಮ್ಮ ಮುಪ್ಪಿನಲ್ಲಿಯೂ ಮರೆಯಲಿಲ್ಲ. ಆರಿಸಲ್ಪಡದೆ ಉಳಿದ ಮಗುವು ಮತ್ತೆ ರೈಲನ್ನು ಹತ್ತಿ ಮುಂದಿನ ಊರಿನಲ್ಲಿ ಮತ್ತೆ ಸಾಲಿನಲ್ಲಿ ನಿಲ್ಲಬೇಕಾಗಿತ್ತು.

ಹಳೆಯ ಕರಾರುಪತ್ರವನ್ನು ಬ್ರೇಸ್ ಕೈಬಿಟ್ಟದ್ದು ದೊಡ್ಡ ಸುಧಾರಣೆಯೇ. ಮಗುವಿಗೆ ಸರಿಬೀಳದಿದ್ದರೆ ಅದು ಹೊರಡಬಹುದು. ಮನೆಯವರಿಗೆ ಸರಿಬೀಳದಿದ್ದರೆ ಅವರು ಹಿಂದಿರುಗಿಸಬಹುದು. ಕಾರ್ಯಭಾರಿಯು ವರ್ಷಕ್ಕೊಮ್ಮೆ ಬಂದು ನೋಡಬೇಕು, ಮಕ್ಕಳು ಸಂಘಕ್ಕೆ ಪತ್ರ ಬರೆಯಬೇಕು ಎಂಬುದೂ ನಿಯಮ. ಆದರೆ ಬೆರಳೆಣಿಕೆಯ ಕಾರ್ಯಭಾರಿಗಳು ಸಾವಿರಾರು ಮೈಲಿಗಳಲ್ಲಿ ಚದರಿದ ಮನೆಗಳನ್ನು ನೋಡುವುದು ಹೇಗೆ? ಪತ್ರವನ್ನು ಬರೆಯುವ ಮಗುವಿನ ಹೆಗಲ ಮೇಲಿನಿಂದ ಮನೆಯ ಯಜಮಾನನು ಓದುತ್ತಿದ್ದರೆ ಆ ಪತ್ರದ ಬೆಲೆಯೇನು?

ಸತ್ಫಲಗಳೂ ಇದ್ದವು. 1859ರಲ್ಲಿ ಇಂಡಿಯಾನಾ ಪ್ರಾಂತಕ್ಕೆ ಹೋದ ಒಂದೇ ತಂಡದಲ್ಲಿ ಆಂಡ್ರೂ ಬರ್ಕ್, ಜಾನ್ ಬ್ರೇಡಿ ಎಂಬ ಇಬ್ಬರು ಹುಡುಗರಿದ್ದರು. ಬರ್ಕ್ 1891ರಲ್ಲಿ ಉತ್ತರ ಡಕೋಟಾ ಪ್ರಾಂತದ ಗವರ್ನರನಾದನು. ಬ್ರೇಡಿಯು 1897ರಿಂದ 1906ರವರೆಗೆ ಅಲಾಸ್ಕಾದ ಗವರ್ನರನಾಗಿದ್ದನು. ಬ್ರೇಡಿಯನ್ನು ಮನೆಗೆ ಕರೆದೊಯ್ದವನು ಜಾನ್ ಗ್ರೀನ್ ಎಂಬ ನ್ಯಾಯಾಧೀಶ. ಗುಂಪಿನಲ್ಲೆಲ್ಲ ಕುರೂಪಿಯೂ ಒರಟನೂ ಆಗಿ ಕಂಡ ಹುಡುಗನನ್ನೇ, ಇವನಿಂದ ಏನಾಗಬಹುದೋ ನೋಡೋಣವೆಂಬ ಕುತೂಹಲದಿಂದ ತಾನು ಆರಿಸಿದುದಾಗಿ ಅವನು ಮುಂದೆ ಹೇಳಿಕೊಂಡನಂತೆ. ಸಂಘವು ಈ ಇಬ್ಬರ ಹೆಸರುಗಳನ್ನು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತು. ಹೇಳಿಕೊಳ್ಳಲಿ, ಆದರೆ ಗವರ್ನರರಾಗದ ಲಕ್ಷ ಮಕ್ಕಳಿಂದಲೇ ಆ ಕಾರ್ಯವನ್ನು ಅಳೆಯಬೇಕಾಗಿದೆ.

ಇನ್ನೊಂದು ಸಂಗತಿಯನ್ನು ಮರೆಯಲಾಗದು. ಹೋದವರೆಲ್ಲರೂ ಅನಾಥರಲ್ಲ. ಅನೇಕರಿಗೆ ತಾಯಿಯೋ ತಂದೆಯೋ ಇಬ್ಬರೂ ಬದುಕಿದ್ದರು. ಬಡತನದಿಂದ ಸಾಕಲಾರದೆ ಒಪ್ಪಿಸಿದ್ದರು. ಪಶ್ಚಿಮಕ್ಕೆ ಹೋದ ಮೇಲೆ ಸಂಬಂಧವು ಕಡಿದುಹೋಗುವುದೇ ಮಗುವಿಗೆ ಹಿತವೆಂದು ಸಂಘದ ಮತ. ಅಣ್ಣನನ್ನು ಒಂದು ಊರಿನಲ್ಲಿಯೂ ತಂಗಿಯನ್ನು ಮತ್ತೊಂದು ಊರಿನಲ್ಲಿಯೂ ಇಳಿಸಿದ ಪ್ರಸಂಗಗಳು ಬಹಳ.

ಆಕ್ಷೇಪಣೆಗಳು ಏಳದೆ ಇರಲಿಲ್ಲ. ಬ್ರೇಸನು ಪ್ರಾಟೆಸ್ಟಂಟ್ ಮತದವನು, ಮಕ್ಕಳಲ್ಲಿ ಹಲವರು ಐರಿಷ್ ಕ್ಯಾಥೊಲಿಕರು. ಮನೆಯ ನೆಪದಲ್ಲಿ ಮತವನ್ನು ಕಸಿಯುತ್ತಿದ್ದಾರೆಂದು ಕ್ಯಾಥೊಲಿಕ್ ಗುರುಗಳು ದೂರಿದರು. ಪೂರ್ವದೇಶದ ಪೋಕರಿಗಳನ್ನು ತಂದು ತಮ್ಮ ಸೀಮೆಯಲ್ಲಿ ಸುರಿಯುತ್ತಿದ್ದಾರೆಂದು ಪಶ್ಚಿಮದ ಪ್ರಾಂತಗಳವರು ಗೊಣಗಿದರು. 1884ರಲ್ಲಿ ಹೇಸ್ಟಿಂಗ್ಸ್ ಹಾರ್ಟ್ ಎಂಬವನು ಮಿನೆಸೋಟ ಪ್ರಾಂತಕ್ಕೆ ಬಂದ ಮಕ್ಕಳ ಗತಿಯನ್ನು ವಿಚಾರಿಸಿ ಧರ್ಮಕಾರ್ಯಕರ್ತರ ರಾಷ್ಟ್ರೀಯ ಸಮ್ಮೇಳನದ ಮುಂದೆ ವರದಿಯನ್ನಿಟ್ಟನು. ಪೋಕರಿಗಳ ಮಾತು ಅತಿಶಯೋಕ್ತಿಯೆಂದೂ, ಎಳೆಯ ಮಕ್ಕಳು ಬಹುಮಟ್ಟಿಗೆ ಚೆನ್ನಾಗಿಯೇ ಇರುವರೆಂದೂ ಅವನು ಒಪ್ಪಿಕೊಂಡನು. ಆದರೆ ಸರಿಯಾದ ವಿಚಾರಣೆಯಿಲ್ಲದೆ ಅವಸರದಿಂದ ಮಕ್ಕಳನ್ನು ಹಂಚಲಾಗುತ್ತಿದೆ, ಆಮೇಲಿನ ಮೇಲ್ವಿಚಾರಣೆಯು ಸಾಲದು ಎಂದು ಸ್ಪಷ್ಟವಾಗಿ ನುಡಿದನು. ಅವನು ದೋಷವನ್ನು ಮಕ್ಕಳಲ್ಲಿ ಕಾಣಲಿಲ್ಲ, ರೀತಿಯಲ್ಲಿ ಕಂಡನು. ಬ್ರೇಸ್ 1890ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ತೀರಿಕೊಂಡನು. ಮಿಶಿಗನ್ ಪ್ರಾಂತವು 1895ರಲ್ಲಿ, ಹೊರಗಿನಿಂದ ಮಕ್ಕಳನ್ನು ತರುವವರು ಜಾಮೀನು ಕೊಡಬೇಕೆಂದು ಕಾನೂನು ಮಾಡಿತು. 1899ರಲ್ಲಿ ಇಂಡಿಯಾನಾ, ಇಲಿನಾಯ್, ಮಿನೆಸೋಟ ಪ್ರಾಂತಗಳೂ ನಿರ್ಬಂಧಗಳನ್ನು ವಿಧಿಸಿದವು.

ಕ್ಯಾಥೊಲಿಕರದೇ ಆದ ಫೌಂಡ್ಲಿಂಗ್ ಎಂಬ ಶಿಶುಗೃಹವು ನ್ಯೂಯಾರ್ಕಿನಲ್ಲಿ 1869ರಲ್ಲಿ ಪ್ರಾರಂಭವಾಯಿತು. ಸಿಸ್ಟರ್ ಐರೀನ್ ಎಂಬ ಸಂನ್ಯಾಸಿನಿಯು ಬಾಗಿಲ ಬಳಿಯಲ್ಲಿ ಒಂದು ತೊಟ್ಟಿಲನ್ನಿಟ್ಟು, ಯಾರು ಏನೆಂದು ಕೇಳದೆ ಶಿಶುಗಳನ್ನು ಸ್ವೀಕರಿಸಿದಳು. ಈ ಸಂಸ್ಥೆಯು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಲಿಲ್ಲ. ಊರೂರಿನ ಪಾದ್ರಿಗಳು ಮೊದಲೇ ಮನೆಗಳನ್ನು ಗೊತ್ತುಮಾಡಿ ಬರೆಯುವರು. ಮಗುವಿನ ಬಟ್ಟೆಗೆ ಒಂದು ಸಂಖ್ಯೆ, ಅದೇ ಸಂಖ್ಯೆಯ ಚೀಟಿ ಮನೆಯವರ ಕೈಯಲ್ಲಿ. ಇದು ಹೆಚ್ಚು ಮರ್ಯಾದೆಯ ರೀತಿ. ಆದರೂ ಒಬ್ಬ ಪಾದ್ರಿಯ ಮಾತೊಂದೇ ಆಧಾರವಾದರೆ ಏನಾಗುವುದೆಂಬುದು 1904ರ ಅಕ್ಟೋಬರಿನಲ್ಲಿ ಅರಿಜೋನಾದ ಕ್ಲಿಫ್ಟನ್, ಮೊರೆನ್ಸಿ ಎಂಬ ತಾಮ್ರದ ಗಣಿಯೂರುಗಳಲ್ಲಿ ಕಂಡುಬಂದಿತು. ಅಲ್ಲಿಗೆ 40 ಮಕ್ಕಳು ಬಂದರು. ಊರಿಗೆ ಹೊಸಬನಾಗಿದ್ದ ಫ್ರೆಂಚ್ ಪಾದ್ರಿಯು ಅವರನ್ನು ಮೆಕ್ಸಿಕೋ ಮೂಲದ ಕ್ಯಾಥೊಲಿಕ್ ಗಣಿಕೂಲಿಗಳ ಮನೆಗಳಿಗೆ ಗೊತ್ತುಮಾಡಿದ್ದನು. ಬಿಳಿಯ ಮಕ್ಕಳು ಮೆಕ್ಸಿಕನರ ಮನೆಗೆ ಹೋದರೆಂದು ಊರಿನ ಬಿಳಿಯರು ಕೆರಳಿದರು. ರಾತ್ರಿಯಲ್ಲಿ ಆಯುಧಗಳನ್ನು ಹಿಡಿದು ಹೋಗಿ ಆ ಮನೆಗಳಿಂದ ಮಕ್ಕಳನ್ನು ಕಿತ್ತುಕೊಂಡರು. 19 ಮಕ್ಕಳು ಬಿಳಿಯರಲ್ಲಿಯೇ ಉಳಿದರು. 21 ಮಕ್ಕಳೊಡನೆ ಸಂನ್ಯಾಸಿನಿಯರು ಹಿಂದಿರುಗಿದರು. ಸಂಸ್ಥೆಯು ನ್ಯಾಯಾಲಯವನ್ನು ಹೊಕ್ಕಿತು. ಅಮೇರಿಕೆಯ ಸರ್ವೋಚ್ಚ ನ್ಯಾಯಾಲಯವು 1906ರಲ್ಲಿ ಅದರ ಅಪೀಲನ್ನು ವಜಾಮಾಡಿತು. ಮಕ್ಕಳನ್ನು ಬಯಸಿ, ಅವರಿಗಾಗಿ ಮನೆಯನ್ನು ಅಣಿಮಾಡಿಕೊಂಡಿದ್ದ ಮೆಕ್ಸಿಕನ್ ತಾಯಂದಿರನ್ನು ಯಾರೂ ಕೇಳಲಿಲ್ಲ. ಸಾಕುಮನೆಯವರನ್ನು ಒಪ್ಪಿಕೊಂಡ ಸಂಸ್ಥೆಯು ಅವರಿಗೆ ಬೆಂಬಲವಾಗಿ ನಿಲ್ಲುವ ಶಕ್ತಿಯಿಲ್ಲದೆ ಎರಡು ಸಾವಿರ ಮೈಲಿ ದೂರದಲ್ಲಿದ್ದಿತು.

ಬಾಸ್ಟನ್ ನಗರದ ಬಾಲಸಹಾಯಕ ಸಂಘವು ಬೇರೊಂದು ದಾರಿಯನ್ನು ಹಿಡಿಯಿತು. ಅಲ್ಲಿ 1886ರಿಂದ 1911ರವರೆಗೆ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಬರ್ಟ್‌ವೆಲ್, ಯಾವ ಮಗುವಿನ ವಿಷಯದಲ್ಲಿಯೂ ಮೊದಲು ಕೇಳಬೇಕಾದುದು ಅದಕ್ಕೆ ನಿಜವಾಗಿ ಏನು ಬೇಕೆಂಬುದೇ ಎಂದು ಹಟಹಿಡಿದನು. ಮಗುವಿಗೆ ತಾಯಿಯ ಮನೆಯೇ ಬೇಕಾದರೆ ತಾಯಿಗೆ ಸಹಾಯ. ಸಾಕುಮನೆ ಬೇಕಾದರೆ ಅದಕ್ಕೆ ತಕ್ಕ ಮನೆ. ಮನೆಗಳಿಗಾಗಿ ವೃತ್ತಪತ್ರಿಕೆಗಳಲ್ಲಿ ಜಾಹೀರಾತು. ಬರೆದವರ ವಿಷಯವಾಗಿ ನೆರೆಹೊರೆಯವರಲ್ಲಿ ವಿಚಾರಣೆ. ಮನೆಗೇ ಹೋಗಿ ನೋಡುವುದು. ಮಗುವು ಸೇರಿದ ಮೇಲೆ ಪದೇ ಪದೇ ಭೇಟಿ, ಅದರ ಶಾಲೆ ಆರೋಗ್ಯಗಳ ಚಿಂತೆ. ಮಗುವಿನ ಊಟ ವಸತಿಗೆಂದು ಮನೆಯವರಿಗೆ ಹಣವನ್ನೂ ಕೊಡುವರು.

ಈ ಹಣದ ವಿಷಯವು ಬಹಳ ವಾದಕ್ಕೆ ಕಾರಣವಾಯಿತು. ದುಡ್ಡಿಗಾಗಿ ಮಗುವನ್ನು ಸಾಕುವವಳಲ್ಲಿ ತಾಯ್ತನವೆಲ್ಲಿಯದೆಂದು ಒಂದು ಪಕ್ಷ. ಅದಕ್ಕೆ ಆಧಾರವೂ ಇತ್ತು: ಹಣಕ್ಕೆ ಶಿಶುಗಳನ್ನು ಸಾಕುವವರ ಮನೆಗಳಲ್ಲಿ ಶಿಶುಗಳು ಸಾಯುತ್ತಿದ್ದುದನ್ನು ಕಂಡು ಇಂಗ್ಲೆಂಡಿನ ಪಾರ್ಲಿಮೆಂಟು 1872ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಆದರೆ ಹಣವಿಲ್ಲದ ಪದ್ಧತಿಯ ಫಲವನ್ನೂ ಜಗತ್ತು ನೋಡಿದ್ದಿತು. ಹಣ ಕೊಡದಿದ್ದರೆ ಮಗುವಿನ ದುಡಿಮೆಯೇ ಹಣವಾಗುವುದು. ಆಗ ಹತ್ತು ವರ್ಷದ ಗಟ್ಟಿಮುಟ್ಟಾದ ಹುಡುಗನಿಗೆ ಮನೆಗಳು ಹೇರಳ, ಮೂರು ವರ್ಷದ ರೋಗಿಷ್ಠ ಮಗುವಿಗೆ ಒಂದೂ ಇಲ್ಲ. ಹಣ ಕೊಡುವುದರಲ್ಲಿ ಇನ್ನೊಂದು ಪ್ರಯೋಜನವೂ ಇತ್ತು: ಕೊಡುವವನಿಗೆ ಬಾಗಿಲು ತಟ್ಟಿ ಒಳಗೆ ಬಂದು ನೋಡುವ ಅಧಿಕಾರವುಂಟಾಗುವುದು. ಭಾರತದಲ್ಲಿ 2015ರ ಬಾಲನ್ಯಾಯ ಅಧಿನಿಯಮದ 44ನೆಯ ಪ್ರಕರಣವು ಸಾಕುಕುಟುಂಬದ ಸಾಮರ್ಥ್ಯ, ಉದ್ದೇಶ, ಪೂರ್ವಾನುಭವಗಳನ್ನು ನೋಡಿ ಆರಿಸಬೇಕೆಂದೂ, ಒಡಹುಟ್ಟಿದವರನ್ನು ಆದಷ್ಟು ಮಟ್ಟಿಗೆ ಅಗಲಿಸಬಾರದೆಂದೂ, ಸರ್ಕಾರವು ಮಾಸಿಕ ಧನವನ್ನು ಕೊಡಬೇಕೆಂದೂ, ಮಕ್ಕಳ ಕಲ್ಯಾಣ ಸಮಿತಿಯು ತಿಂಗಳಿಗೊಮ್ಮೆ ಮನೆಯನ್ನು ನೋಡಬೇಕೆಂದೂ ವಿಧಿಸುತ್ತದೆ. ಇದು ಕರ್ನಾಟಕಕ್ಕೂ ಅನ್ವಯಿಸುವುದು. ಆ ರೈಲುಗಾಡಿಗಳ ಕಥೆಯನ್ನು ತಿಳಿದವರಿಗೆ ಈ ಒಂದೊಂದು ವಾಕ್ಯದ ಹಿಂದೆ ಯಾವ ಯಾವ ಮಕ್ಕಳು ನಿಂತಿರುವರೆಂಬುದು ಹೊಳೆಯುವುದು.

1909ರ ಜನವರಿಯಲ್ಲಿ ಅಮೇರಿಕೆಯ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕರೆದ ಸಮ್ಮೇಳನವು, ಬಡತನವೊಂದರ ಕಾರಣದಿಂದಲೇ ಮಗುವನ್ನು ಮನೆಯಿಂದ ಬಿಡಿಸಬಾರದೆಂದೂ, ಬಿಡಿಸಲೇಬೇಕಾದಲ್ಲಿ ಎಚ್ಚರದಿಂದ ಆರಿಸಿದ ಸಾಕುಮನೆಯೇ ಉತ್ತಮವೆಂದೂ ನಿರ್ಣಯಿಸಿತು. 1911ರಲ್ಲಿ ಇಲಿನಾಯ್ ಪ್ರಾಂತವು ಬಡ ತಾಯಂದಿರಿಗೆ ಸಹಾಯಧನದ ಕಾನೂನನ್ನು ಮಾಡಿತು. ಇತರ ಪ್ರಾಂತಗಳು ಅನುಸರಿಸಿದವು. ಸೋಫೀ ಥೀಸ್ ಎಂಬ ವಿದುಷಿಯು 1924ರಲ್ಲಿ, ನ್ಯೂಯಾರ್ಕಿನ ಇನ್ನೊಂದು ಸಂಸ್ಥೆಯು ಸಾಕುಮನೆಗಳಿಗೆ ಸೇರಿಸಿದ್ದ 910 ಮಕ್ಕಳು ಬೆಳೆದ ಮೇಲೆ ಏನಾದರೆಂಬುದನ್ನು ಹುಡುಕಿ ಗ್ರಂಥವೊಂದನ್ನು ಪ್ರಕಟಿಸಿದಳು. ಸುಳಿವು ಸಿಕ್ಕವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಸ್ವಂತ ಬಲದಿಂದ ಬಾಳುತ್ತಿದ್ದರು. ಎಪ್ಪತ್ತು ವರ್ಷಗಳ ಹಿಂದೆಯೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೊನೆಗೂ ಒಬ್ಬರು ಕೇಳಿದರು.

ಮಕ್ಕಳನ್ನು ಹೊತ್ತ ಕಡೆಯ ರೈಲು 1929ರಲ್ಲಿ ಹೊರಟಿತು. ಅಷ್ಟರಲ್ಲಿ ಎಲ್ಲ ಸಂಸ್ಥೆಗಳಿಂದ ಕೂಡಿ 2 ಲಕ್ಷಕ್ಕೂ ಹೆಚ್ಚು ಮಕ್ಕಳು ಹೀಗೆ ಹೋಗಿದ್ದರೆಂದು ಎಣಿಸುತ್ತಾರೆ. ಅವರಲ್ಲಿ ಬ್ರೇಸನ ಸಂಘದಿಂದ ಹೋದವರೇ ಒಂದು ಲಕ್ಷದಷ್ಟು. ಸಂಘದ ಹಳೆಯ ದಫ್ತರಗಳು ನ್ಯೂಯಾರ್ಕಿನ ಇತಿಹಾಸ ಸಂಘದ ಭಂಡಾರದಲ್ಲಿವೆ. ಎರಡು ಮೂರು ವರ್ಷದ ಶಿಶುಗಳಾಗಿ ರೈಲನ್ನು ಹತ್ತಿದವರು ಎಪ್ಪತ್ತು ಎಂಬತ್ತರ ಮುಪ್ಪಿನಲ್ಲಿ ಅಂತಹ ದಫ್ತರಗಳಿಗೆ ಪತ್ರ ಬರೆದು ಎರಡೇ ವಿಷಯಗಳನ್ನು ಕೇಳುತ್ತಿದ್ದರು: ತಾಯಿಯ ಹೆಸರು, ಮತ್ತು ಜೊತೆಯಲ್ಲಿ ಒಡಹುಟ್ಟಿದವರು ಯಾರಾದರೂ ಇದ್ದರೋ ಎಂಬುದು. ಕೆಲವರಿಗೆ ಹೆಸರು ಸಿಕ್ಕಿತು. ಹಲವರ ಪುಟದಲ್ಲಿ ಊರಿನ ಹೆಸರೂ ಇಳಿಸಿದ ತಾರೀಖೂ ಮಾತ್ರ ಇದ್ದವು.